ನಾಲ್ಕು ದಿನ ಮುಟ್ಟದ ವರ್ತಿ

ನಮ್ಮ ಬಡಾವಣೆಯಲ್ಲಿ ನೀರು ಬರುವ ದಿನ ಯಾರ ಮನೆಯಲ್ಲೂ ಸಮಾಧಾನ ಇರುತ್ತಿರಲಿಲ್ಲ. ವಿಜಯಪುರದ ಅಥಣಿ ರಸ್ತೆಯ ಮಗ್ಗುಲಿಗೆ ನಾವು ಮನೆ ಕಟ್ಟಿಕೊಂಡ ಹೊಸತರಲ್ಲಿ ನಲ್ಲಿಗೆ ಎಂಟು ಹತ್ತು ದಿನಕ್ಕೊಮ್ಮೆ ನೀರು. ಅದೂ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಬಿಡುವವನಿಗೂ ಗೊತ್ತಿಲ್ಲ. "ನೀರ ಬಂದಾವು!" ಎಂದು ಯಾರಾದರೂ ಕೂಗಿದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೇ ಕರಿಯಾಗುತ್ತಿತ್ತು. ಬ್ಯಾರಲ್ಲು, ಕೊಡ, ಬಕೆಟ್ಟು ಎಲ್ಲ ತುಂಬಿ, ಕಡೆಗೆ ಸಾರು ಮಾಡುವ ಪಾತೇಲಿಗೂ ನೀರು ಹಿಡಿದಿಡುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿ ಗುಮಾಸ್ತೆ. ಒಮ್ಮೆ ಮಕ್ಕಳ ದಾಖಲಾತಿಯ ಗದ್ದಲದಲ್ಲಿ ಸಿಕ್ಕಿಬಿದ್ದು ಮನೆಗೆ ಬರುವಷ್ಟರಲ್ಲಿ ನೀರು ಬಂದು ಹೋಗಿತ್ತು. ಆ ಸಿಟ್ಟಿಗೆ ಖಾಲಿ ಬ್ಯಾರಲ್ಲಿಗೆ ಝಾಡಿಸಿ ಒದ್ದು ಹೆಬ್ಬೆರಳು ಊದಿಸಿಕೊಂಡು ಹದಿನೈದು ದಿನ ಕುಂಟಿದ್ದೆ. ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಸಿಟ್ಟಿಗೆದ್ದು ಮಾತಾಡಲೇಬೇಕಾಗಿದ್ದ ಒಂದು ದಿನ ನಾನು ತೆಪ್ಪಗೆ ಕೂತೆ, ಮತ್ತು ಈಗ ಬರೆಯುತ್ತಿರುವುದು ಆ ದಿನದ ಬಗ್ಗೆಯೇ.

ನನ್ನ ತವರು ಬಬಲೇಶ್ವರದಿಂದ ಆಚೆ, ಡೋಣಿ ಹೊಳೆಯ ದಂಡೆ. ಡೋಣಿ ಸವಳು ನೀರಿನ ಹೊಳೆ. ಬಾಯಿಗೆ ಹಾಕಿದರೆ ಉಪ್ಪು, ಬಟ್ಟೆ ಒಗೆದರೆ ನೊರೆ ಬರುವುದಿಲ್ಲ, ದನ ಕೂಡ ಮೂತಿ ತಿರುವುತ್ತವೆ. ಆದರೆ ನಮ್ಮ ಊರ ಹತ್ತಿರ ಒಂದು ಹಳ್ಳ ಬಂದು ಹೊಳೆಗೆ ಸೇರುತ್ತದೆ. ಆ ತಿರುವಿನ ಮರಳಿನಲ್ಲಿ ಮೊಳದಾಳದ ಗುಂಡಿ ತೋಡಿದರೆ ತಳದಿಂದ ಸಣ್ಣಗೆ ಸಿಹಿನೀರು ಒಸರುತ್ತದೆ. ಇದಕ್ಕೆ ನಾವು ವರ್ತಿ ಎನ್ನುತ್ತೇವೆ. ಊರೊಳಗಿನ ಬಾವಿಯ ಕಟ್ಟೆ ಹತ್ತಲು ನಮ್ಮ ಕೇರಿಯವರಿಗೆ ಅಪ್ಪಣೆ ಇರಲಿಲ್ಲ. ನಮ್ಮ ಅಜ್ಜನ ಕಾಲಕ್ಕೆ ಕೇರಿಯ ಮನೆಗಳಿಗೆ ಬುದ್ಧನ ಫೋಟೋ ಬಂತು, ನಮ್ಮ ಕಾಲಕ್ಕೆ ಸಾಲಿ, ನೌಕರಿ ಬಂದವು. ಬಾವಿಕಟ್ಟೆ ಮಾತ್ರ ಅಲ್ಲೇ ಇತ್ತು, ಅದರ ಸುತ್ತಲಿನ ಮಂದಿಯ ಕಣ್ಣೂ ಅಲ್ಲೇ ಇದ್ದವು. ನಮ್ಮನ್ನು ಯಾರೂ ತಡೆಯಲಾಗದ ನೀರೆಂದರೆ ಹೊಳೆಯ ಮರಳೊಂದೇ.

ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಅದೇ ಕೇರಿಗೆ ಕೊಟ್ಟಿದ್ದ ಅವಳ ಅಕ್ಕ ನನ್ನನ್ನು ಸಾಕಿದಳು. ಅವಳನ್ನು ದೊಡ್ಡವ್ವ ಎನ್ನುತ್ತೇನೆ. ಈಗಲೂ ಟಂಟಂ ಗಾಡಿ ಹತ್ತಿ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಗಟ್ಟಿ ಹೆಣ್ಣು. ಹೊಳೆಯ ತಿರುವಿನಲ್ಲಿ ಕೇರಿಯ ಮನೆಗೊಂದು ವರ್ತಿ. ಜಾಗ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ. ಮಳೆಗಾಲದ ನೀರು ಹಾಯ್ದು ಹೋದ ಮೇಲೆ ಎಲ್ಲ ಮುಚ್ಚಿರುತ್ತಿದ್ದವು. ಆದರೂ ದೊಡ್ಡವ್ವ ಬರಿಗಾಲಲ್ಲಿ ಮರಳಿನ ಮೇಲೆ ನಡೆದು, ಒಂದು ಕಡೆ ನಿಂತು, "ಇಲ್ಲಿ ತಂಪೈತಿ, ಇದ ನಮ್ದು" ಎಂದು ಕೂತು ಕೈಯಿಂದಲೇ ತೋಡಲು ಶುರುಮಾಡುವಳು. ಒಂದು ವರ್ಷವೂ ಜಾಗ ತಪ್ಪಿದ್ದು ನಾನು ಕಾಣೆ.

ವರ್ತಿಗೆ ಒಂದು ಕಟ್ಟಳೆ ಇತ್ತು. ತೆಂಗಿನ ಚಿಪ್ಪಿನಿಂದ ಗೋರಿ ಗೋರಿ ನಾಲ್ಕೈದು ಕೊಡ ತುಂಬುವುದು, ಆಮೇಲೆ ಎದ್ದು ಹೋಗುವುದು. ಸಂಜೆಯವರೆಗೆ ಅದನ್ನು ಮತ್ತೆ ಮುಟ್ಟುವ ಹಾಗಿಲ್ಲ. ನಾನು ಎಂಟು ಹತ್ತು ವರ್ಷದವಳಿದ್ದಾಗ ಒಂದು ಕೊಡ ಹೆಚ್ಚು ತುಂಬಲು ಹೋಗಿ ಬೆನ್ನಿಗೆ ದೊಡ್ಡವ್ವನ ಗುದ್ದು ತಿಂದದ್ದು ನೆನಪಿದೆ.

"ಸಾಕಂದ್ರ ಸಾಕ ಲೇ! ಸಿಹಿ ನೀರ ಮ್ಯಾಲಿರ್ತಾವ, ಸವಳ ಕೆಳಗಿರ್ತೈತಿ. ಹೆಚ್ಚಿಗಿ ಜಗ್ಗಿದಿ ಅಂದ್ರ ಸವಳ ಮ್ಯಾಲೆ ಏಳತೈತಿ. ಆಮ್ಯಾಲೆ ನಿಮ್ಮಪ್ಪ ತಂದ ಕೊಡ್ತಾನೇನ ನೀರ?"

ಅಪ್ಪ ಪಕ್ಕದಲ್ಲೇ ಬೀಡಿ ಸೇದುತ್ತ ಕೂತಿದ್ದ. ಹೊಗೆ ಬಿಡುತ್ತ ನಕ್ಕ.

ಮೂರು ನಾಲ್ಕು ವರ್ಷದ ಹಿಂದೆ ಒಂದು ಸುದ್ದಿ ಹಬ್ಬಿತು. ನಗರದ ಹೊಸ ಬಡಾವಣೆಗಳಿಗೂ ದಾರಿಯಲ್ಲಿನ ಹಳ್ಳಿಗಳಿಗೂ ಸೇರಿಸಿ ಒಂದು ದೊಡ್ಡ ನೀರಿನ ಯೋಜನೆ ಬರುತ್ತದೆ. ದೂರದ ಕಾಲುವೆಯ ನೀರಿನ ಜೊತೆಗೆ ನಮ್ಮ ಹೊಳೆಯ ತಿರುವಿನಲ್ಲಿ ಒಂದು ಭಾರಿ ಬಾವಿ ತೋಡಿ ಅದರ ನೀರನ್ನೂ ಕೂಡಿಸುತ್ತಾರೆ. ಅದಕ್ಕೆ ಮೊದಲು ಹೊಳೆಗೆ ಏನಾದರೂ ಬಾಧೆಯಾಗುತ್ತದೆಯೇ ಎಂದು ಪರೀಕ್ಷೆ ಮಾಡಿ, ವರದಿಯನ್ನು ನಗರದ ಮಂದಿಯ ಮುಂದಿಟ್ಟು ಒಪ್ಪಿಗೆ ಕೇಳುತ್ತಾರೆ. ನಮ್ಮ ಬಡಾವಣೆಯಲ್ಲಿ ಪೇಡೆ ಹಂಚುವುದೊಂದು ಬಾಕಿ. ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ?

ಒಂದು ಮುಂಜಾನೆ ದೊಡ್ಡವ್ವನ ಫೋನು.

"ಯವ್ವಾ, ಹೊಳಿ ನೋಡಾಕ ಸಾಹೇಬ್ರು ಬರ್ತಾರಂತ. ವರ್ತಿ ನೀರ ಬಾಟ್ಲಿಯೊಳಗ ತುಂಬ್ಕೊಂಡ ಹೋಗಿ ಪರೀಕ್ಷಾ ಮಾಡ್ತಾರಂತ. ನೀ ಓದಿದಾಕಿ, ಏನ್ ಮಾಡೂಣು ಹೇಳ."

ನಾನು ಓದಿದವಳು! ಹೇಳಿದೆ ನೋಡಿ ಒಂದು ಬುದ್ಧಿ. ನೀರು ಸಿಹಿ, ಚೊಕ್ಕ ಎಂದು ಸರಕಾರದ ಕಾಗದದ ಮೇಲೆ ಬಂದರೆ ಆ ಜಾಗವನ್ನು ಕಾಯುತ್ತಾರೆ, ಹೊಲಸು ಎಂದು ಬಂದರೆ ಯಾರೂ ಕೇಳುವುದಿಲ್ಲ, ಮೇಲಿನೂರಿನ ಗಟಾರ ತಂದು ಬಿಟ್ಟರೂ ಬಿಟ್ಟರೇ ಎಂದು ನನ್ನ ಲೆಕ್ಕಾಚಾರ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ನಮ್ಮ ಕೇರಿಗೆ ಯಾವ ಸಾಹೇಬನೂ ನೀರು ಕೇಳಿಕೊಂಡು ಬಂದಿರಲಿಲ್ಲ. ಬರುವವರಿಗೆ ಒಳ್ಳೆಯದನ್ನೇ ತೋರಿಸಬೇಕು ಎಂಬ ಹಟ. ಮನೆಗೆ ಬೀಗರು ಬರುತ್ತಾರೆಂದರೆ ನೆಲ ಸಾರಿಸಿ, ಹೊಸ ಚಾದರ ಹಾಸುವುದಿಲ್ಲವೇ, ಹಾಗೆ.

"ವರ್ತಿ ಎಲ್ಲಾ ಚೊಲೊತ್ನಂಗ ತೋಡಿ ಸ್ವಚ್ಛ ಮಾಡ್ರಿ" ಎಂದೆ. "ಅವರು ಬರೂತನಕ ಯಾರೂ ಒಂದ ಚರಗಿನೂ ಎತ್ತಬ್ಯಾಡ್ರಿ. ನಾಕ ದಿನ ತಡಕೋರಿ."

"ನಾಕ ದಿನ ಕುಡ್ಯಾಕ ಏನ್ ಮಾಡೂದ ಬೇ?"

"ಎಲ್ಲಿಂದರ ತರ್ರಿ. ನಮ್ಮ ನೀರ ಅಂದ್ರ ಏನಂತ ಅವರಿಗಿ ಗೊತ್ತಾಗ್ಬೇಕು."

ಇಡೀ ಕೇರಿ ನನ್ನ ಮಾತು ಕೇಳಿತು. ಗಂಡಸರು ಬುಟ್ಟಿಯಲ್ಲಿ ಮರಳು ಎತ್ತಿ ಹಾಕಿದರಂತೆ. ಹೆಂಗಸರು ವರ್ತಿಗಳ ಸುತ್ತ ಕಲ್ಲು ಜೋಡಿಸಿ, ದನ ಇಳಿಯದಂತೆ ಜಾಲಿಮುಳ್ಳು ಹಚ್ಚಿದರಂತೆ. ದೊಡ್ಡವ್ವ ದಿನವಿಡೀ ದ್ರಾಕ್ಷಿ ತೋಟದಲ್ಲಿ ದುಡಿದು, ಅಲ್ಲಿನ ಹೊಂಡದಿಂದ ಕ್ಯಾನಿನಲ್ಲಿ ನೀರು ತುಂಬಿಕೊಂಡು, ಟಂಟಂನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಔಷಧಿ ಹೊಡೆಯುವ ತೋಟದ ನೀರು ಅದು. ಕೇರಿಯ ಎರಡು ಕೂಸುಗಳಿಗೆ ಹೊಟ್ಟೆ ಕೆಟ್ಟಿತು. ಆದರೂ ಯಾರೂ ವರ್ತಿಗೆ ಕೈ ಹಾಕಲಿಲ್ಲ.

ಅವರು ಬಂದ ದಿನ ನಾನೂ ರಜೆ ಹಾಕಿ ಹೋಗಿದ್ದೆ. ಜೀಪಿನಿಂದ ಇಳಿದವರಲ್ಲಿ ದೊಡ್ಡ ಎಂಜಿನಿಯರು ಒಬ್ಬರು, ಬಿಸಿಲಿಗೆ ಟೋಪಿ ಹಾಕಿದ್ದರು, ಮುಖ ಬೆವರಿ ಕೆಂಪಾಗಿತ್ತು. ಒಳ್ಳೆಯ ಮನುಷ್ಯ. ಇದನ್ನೂ ಹೇಳಲೇಬೇಕು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ವರ್ತಿಗಳು ತುಂಬಿ ತುಳುಕುತ್ತಿದ್ದವು, ತಳದ ಹರಳು ಎಣಿಸಬಹುದಿತ್ತು. ಅವರ ಕಡೆಯವರು ಬಾಟಲಿ ತುಂಬಿ ಚೀಟಿ ಅಂಟಿಸಿದರು. ಎಂಜಿನಿಯರು ಹಣೆ ಒರೆಸಿಕೊಂಡು, "ಅಮ್ಮಾ, ಕುಡಿಯಾಕ ಸ್ವಲ್ಪ ಕೊಡ್ರಿ" ಎಂದರು.

ದೊಡ್ಡವ್ವ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಚರಗಿ ತೊಳೆದು ತುಂಬಿ, ದೂರ ನಿಂತು ಕೈ ಚಾಚಿದಳು. ಎತ್ತಿ ಹೊಯ್ಯಲು ಚರಗಿ ಬಗ್ಗಿಸುತ್ತಿದ್ದಳು, ಅವರು ಬೊಗಸೆ ಒಡ್ಡಲಿಲ್ಲ. ಚರಗಿಯನ್ನೇ ಕೈಗೆ ತೆಗೆದುಕೊಂಡು, ಅಂಚಿಗೆ ಬಾಯಿ ಹಚ್ಚಿ ಗಟಗಟ ಕುಡಿದರು. "ಆಹಾ, ಏನ್ ನೀರ್ರೀ ಇದು!" ಎಂದರು. ಕೇರಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅವತ್ತು ಆ ಚರಗಿಯನ್ನು ದೊಡ್ಡವ್ವ ತೊಳೆಯದೆ ಹಾಗೇ ಮನೆಗೆ ತಂದಳು. ನನ್ನ ಕಣ್ಣು ತುಂಬಿದ್ದವು, ನಾನೇನೋ ದೊಡ್ಡ ಕೆಲಸ ಮಾಡಿದೆ ಎಂದು ಬೀಗಿದೆ.

ತಿಂಗಳೊಪ್ಪತ್ತು ಕಳೆದು ವಿಜಯಪುರದಲ್ಲಿ ಸಭೆ ಇಟ್ಟರು. ಗೋಳಗುಮ್ಮಟದ ಕಡೆಯ ಒಂದು ಸಭಾಂಗಣ, ಕಾಲಿಡಲು ಜಾಗವಿಲ್ಲ. ನಮ್ಮ ಬಡಾವಣೆಯವರು ಸಾಲಿಡೀ ಹಿಡಿದು ಕೂತಿದ್ದರು, ಅವರ ನಡುವೆ ನಾನು. ದೊಡ್ಡವ್ವನನ್ನೂ ಕೇರಿಯ ಇನ್ನಿಬ್ಬರನ್ನೂ ಜೀಪು ಕಳಿಸಿ ಕರೆಸಿದ್ದರು. ವೇದಿಕೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದರು. ಕಾಲ ಬಳಿ ವರ್ತಿಯ ನೀರು ತುಂಬಿದ ಒಂದು ಕೊಡ. ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ ದೊಡ್ಡವ್ವನ ಗುರುತು ನನಗೇ ಸಿಗಲಿಲ್ಲ.

ವರದಿ ಓದಿದರು. ಅರ್ಥವಾದದ್ದು ಇಷ್ಟು: ತಿರುವಿನ ನೀರು ಸಿಹಿ ಇದೆ, ಬೇಕಾದಷ್ಟು ಇದೆ, ಹೊಳೆಗೆ ಬಾಧೆ ಇಲ್ಲ. ಆಗ ಅರಕೇರಿ ಕಡೆಯ ಒಬ್ಬ ವಯಸ್ಸಾದ ರೈತ ಹಿಂದಿನಿಂದ ಎದ್ದು ನಿಂತ.

"ಸಾಹೇಬ್ರ, ಡೋಣಿ ನೀರ ನನಗೂ ಗೊತ್ತೈತ್ರಿ. ಸುಮ್ಮ ಬಿಟ್ಟ ನೀರ ಯಾವಾಗೂ ಸಿಹೀನ. ಹಗಲೆಲ್ಲಾ ಮೋಟಾರ ಹಚ್ಚಿ ಜಗ್ಗಿ, ಆಮ್ಯಾಲೆ ರುಚಿ ನೋಡೀರೇನು?"

ಸಭೆ ಗುಜುಗುಜು ಎಂದಿತು. ಇಡೀ ನಗರದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆ ಮುದುಕನೊಬ್ಬನೇ ಕೇಳಿದ್ದ. ಎಂಜಿನಿಯರು ಎದ್ದು ಶಾಂತವಾಗಿಯೇ ಉತ್ತರ ಕೊಟ್ಟರು.

"ಅಜ್ಜಾರ, ಇದು ಸುಮ್ಮ ಬಿಟ್ಟ ನೀರಲ್ಲ. ಇಡೀ ಕೇರಿ ದಿನಾ ಇದ ನೀರ ತುಂಬ್ತೈತಿ. ದಿನಾ ತುಂಬೂ ಜಾಗಾದಾಗ ನಾವು ಬಾಟ್ಲಿ ತುಂಬೇವಿ. ಅಲ್ಲಿಯವರ ಇಲ್ಲೇ ಅದಾರ, ಕೇಳ್ರಿ ಬೇಕಾದ್ರ." ದೊಡ್ಡವ್ವನ ಕಡೆ ತಿರುಗಿದರು. "ಅಮ್ಮಾ, ದಿನಾ ತುಂಬ್ತೀರಲ್ಲ?"

ದೊಡ್ಡವ್ವ ಎದ್ದು ನಿಂತಳು. "ಹೌದ್ರಿ. ದಿನಾ ತುಂಬ್ತೇವ್ರಿ" ಎಂದಳು. ಅದು ಸುಳ್ಳಲ್ಲ. ಆದರೆ ಅವಳ ಬಾಯಿ ಇನ್ನೂ ಏನೋ ಹೇಳಲಿಕ್ಕೆ ತೆರೆದೇ ಇತ್ತು. ಅಷ್ಟರಲ್ಲಿ ಎಂಜಿನಿಯರು ತಾವೇ ಬಗ್ಗಿ, ಕೊಡದಿಂದ ಲೋಟಕ್ಕೆ ನೀರು ಹಾಕಿಕೊಂಡು, ಸಭೆಯ ಎದುರಿಗೆ ಎತ್ತಿ ಕುಡಿದರು. ಚಪ್ಪಾಳೆ ಬಿತ್ತು, ಎಂಥ ಚಪ್ಪಾಳೆ! ದೊಡ್ಡವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೂತಳು.

ನಾನು ಅರ್ಧ ಎದ್ದಿದ್ದೆ. 'ಆ ವರ್ತಿಗಳನ್ನು ನಾಲ್ಕು ದಿನ ಯಾರೂ ಮುಟ್ಟಿರಲಿಲ್ಲ, ಮುಟ್ಟಬೇಡಿ ಎಂದು ಹೇಳಿದವಳು ನಾನು.' ಇಷ್ಟೇ ಹೇಳಬೇಕಿತ್ತು. ಪಕ್ಕದ ಮನೆಯಾಕೆ ನನ್ನ ರಟ್ಟೆ ಹಿಡಿದು ಜಗ್ಗಿದಳು.

"ಕುಂದರ್ರೀ ಅಕ್ಕಾರ, ಎಲ್ಲಿ ಹೊಂಟ್ರಿ? ನೀರ ಬರೂ ಹೊತ್ತಿನ್ಯಾಗ ನೀವೊಬ್ರು ಕಲ್ಲ ಹಾಕಬ್ಯಾಡ್ರಿ."

ಅವಳು ಜಗ್ಗಿದ್ದಕ್ಕೆ ಕೂತೆ ಎಂದು ಬರೆದರೆ ಅದು ಸುಳ್ಳು. ಅವಳ ಕೈಯಲ್ಲಿ ಅಷ್ಟು ಬಲ ಇರಲಿಲ್ಲ. ಎದ್ದು ಹೇಳಿದರೆ ಅಷ್ಟು ಜನರ ಮುಂದೆ ನನ್ನ ಕೇರಿಯವರು ಮೋಸಗಾರರಾಗುತ್ತಾರೆ, ದೊಡ್ಡವ್ವನ ಮುಖದ ಮೇಲಿನ ಆ ಕಳೆ ಇಳಿದುಹೋಗುತ್ತದೆ ಎಂದು ಹೆದರಿದೆ. ಇದು ಒಂದು. ಇನ್ನೊಂದು, ಮನೆಯಲ್ಲಿ ಬ್ಯಾರಲ್ಲಿನ ತಳ ಕಾಣುತ್ತಿತ್ತು, ಮುಂದಿನ ನೀರಿಗೆ ಇನ್ನೂ ಆರು ದಿನ ಇತ್ತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಒಪ್ಪುವವರು ಕೈ ಎತ್ತಿ ಎಂದರು. ಸಭೆಯ ತುಂಬ ಕೈ. ನನ್ನದೂ ಎದ್ದಿತ್ತು.

ಬಾವಿ ತೋಡಿದರು, ಪೈಪು ಬಂತು. ನಮ್ಮ ಬಡಾವಣೆಗೆ ದಿನ ಬಿಟ್ಟು ದಿನ ನೀರು. ಮೊದಲ ವಾರ ಮನೆಯ ಕೌದಿಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ಅಂಗಳಕ್ಕೆ ದಿನಾ ನೀರು ಹೊಡೆದೆ. ಒಂದು ಮಲ್ಲಿಗೆ ಬಳ್ಳಿ ಹಚ್ಚಿದೆ, ಅದೂ ಹತ್ತಿಕೊಂಡಿತು. ದೊಡ್ಡವ್ವನಿಗೆ ಫೋನು ಮಾಡಿದರೆ "ಎಲ್ಲಾ ಆರಾಮೈತಿ, ನೀ ಚಿಂತಿ ಮಾಡಬ್ಯಾಡ" ಎನ್ನುತ್ತಿದ್ದಳು. ನಾನೂ ಹೆಚ್ಚು ಕೆದಕಿ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದರೆ ಸರಿಯಾದೀತು.

ಎರಡನೆಯ ಬೇಸಿಗೆಗೆ ಹೋದೆ. ಬಸ್ಸಿಳಿದು ನೇರ ಹೊಳೆಗೇ ನಡೆದೆ. ತಿರುವಿನಲ್ಲಿ ಸಿಮೆಂಟಿನ ಎತ್ತರದ ಬಾವಿ, ಸುತ್ತ ತಂತಿ ಬೇಲಿ, ಒಳಗೆ ಮೋಟಾರು ಒಂದೇ ಸಮ ಗುಂಯ್ ಎನ್ನುತ್ತಿತ್ತು. ವರ್ತಿಗಳು ಇದ್ದಲ್ಲಿ ತಗ್ಗುಗಳಿದ್ದವು, ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ದೊಡ್ಡವ್ವನ ವರ್ತಿಯಲ್ಲಿ ಒಂದಿಷ್ಟು ನೀರಿತ್ತು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದೆ, ಕೂಡಲೇ ಉಗುಳಿದೆ. ಮರಳಿನ ಕೆಳಗಿನ ಸಿಹಿಯನ್ನೆಲ್ಲ ದೊಡ್ಡ ಬಾವಿ ಎಳೆದುಕೊಂಡು ನಮ್ಮ ಪಾಲಿಗೆ ಸವಳು ಬಿಟ್ಟಿತ್ತು. ನನ್ನ ಮಾಳಿಗೆಯ ಮೇಲೆ ಒಣಗಿದ ಆ ಕೌದಿಗಳು ನೆನಪಾದವು.

ಕೇರಿಗೆ ಒಂದು ನಲ್ಲಿ ಹಾಕಿಕೊಟ್ಟಿದ್ದರು, ಅದು ನಿಜ. ಆದರೆ ಕೇರಿ ದಿನ್ನೆಯ ಮೇಲಿದೆ. ಬಾವಿಕಟ್ಟೆಯ ಸುತ್ತಲಿನ ಕೆಳಗಿನ ಓಣಿಯವರು ತಮ್ಮ ತಮ್ಮ ಅಂಗಳದ ನಲ್ಲಿ ಬಿಟ್ಟುಕೊಂಡರೆ ಇಲ್ಲಿಗೆ ಬರೀ ಗಾಳಿ. ಅರ್ಜಿ ಕೊಟ್ಟಿದ್ದರಂತೆ. ನೋಡೋಣ ಎಂದಿದ್ದರಂತೆ. ನಾನು ಹೋದಾಗ ದೊಡ್ಡವ್ವ ತಲೆಗೆ ಸಿಂಬಿ ಇಟ್ಟುಕೊಂಡು ಹೊರಡುತ್ತಿದ್ದಳು. ಇನ್ನೊಂದು ಕೊಡ ನಾನು ಹಿಡಿದೆ.

"ಎಲ್ಲಿಗಿ ಬೇ?"

"ಕೆಳಗಿನ ಓಣಿಗಿ. ನೀರಿಗಿ."

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ಅವತ್ತ ಸಭಾದಾಗ ನಾ ಎದ್ದ ಹೇಳಬೇಕಿತ್ತ. ನಾಕ ದಿನ ಬಿಟ್ಟ ನೀರ ಅವು ಅಂತ. ನಿಮಗ ಮುಟ್ಟಬ್ಯಾಡ್ರಿ ಅಂತ ಹೇಳಿದಾಕೀನೂ ನಾನ, ಬಾಯಿ ಮುಚ್ಕೊಂಡ ಕುಂತಾಕೀನೂ ನಾನ. ನಿಮ್ಮ ಬಾಯಾಗ ಮಣ್ಣ ಹಾಕಿದ್ನಿ" ಎಂದು ಅಳುತ್ತ ಅಂದೆ.

ದೊಡ್ಡವ್ವ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀ ಯಾಕ ಹೇಳಬೇಕಿತ್ತ? ನನ್ನ ಬಾಯೇನ ಬಿದ್ದ ಹೋಗಿತ್ತೇನು? ಆ ಮುದುಕ ಕೇಳಿದ ಕೂಡ್ಲೆ ನನಗ ಗೊತ್ತಾತು, ಇಲ್ಲಿ ತಪ್ಪೈತಿ ಅಂತ. ಸವಳ ಏಳೂದ ನಿನಗ ಕಲಿಸಿದಾಕಿ ನಾನ ಅಲ್ಲೇನ? ಹೇಳಬೇಕಂತ ಬಾಯಿ ತಗದಿದ್ನಿ. ಅಷ್ಟ್ರಾಗ ಅವರು ಲೋಟಾ ಎತ್ತಿ ಕುಡದಬಿಟ್ರು. ಅಷ್ಟ ದೊಡ್ಡ ಊರಿನ ಮುಂದ, ನನ್ನ ಕೊಡದಾಗಿನ ನೀರ. ಮಂದಿ ಚಪ್ಪಾಳಿ ಹೊಡದ್ರು." ತಲೆಯ ಮೇಲಿನ ಕೊಡ ಸರಿಮಾಡಿಕೊಂಡಳು. "ಸುಮ್ನ ಇರಬೇಕನಿಸ್ತು ನೋಡವ್ವ. ಅದೊಂದ ಗಳಿಗಿ ಸುಮ್ನ ಇದ್ನಿ."

ಮತ್ತೆ ನಡೆಯತೊಡಗಿದಳು, ನಾನೂ ಹಿಂದೆ ನಡೆದೆ. ಕೆಳಗಿನ ಓಣಿಯ ಮೊದಲ ಮನೆಯ ಮುಂದೆ ಬಂದೆವು. ದೊಡ್ಡವ್ವ ಕೊಡ ಇಳಿಸಿ, ಮೆಟ್ಟಿಲಿನಿಂದ ಮಾರು ದೂರ ನೆಲದ ಮೇಲಿಟ್ಟು, ತಾನು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಊರಿಡೀ ಕೇಳುವ ಹಾಗೆ ನನ್ನನ್ನು ಬೈಯುತ್ತಿದ್ದ ಹೆಣ್ಣು, ಒಳಗಿನವರಿಗೆ ಕೇಳೀತೋ ಇಲ್ಲವೋ ಎನ್ನುವಂತೆ ಕೂಗಿದಳು.

"ಅವ್ವಾರ... ಒಂದ ಕೊಡ ನೀರ ಹಾಕ್ರೆವ್ವಾ."

ಅವಳ ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನಗಿಂತ ಸಣ್ಣ ವಯಸ್ಸಿನ ಒಬ್ಬಾಕೆ ಪೈಪು ಹಿಡಿದು ಹೊರಗೆ ಬಂದಳು. ಪೈಪಿನ ತುದಿ ಕೊಡಕ್ಕೆ ತಾಗದಂತೆ ಎತ್ತರಕ್ಕೆ ಹಿಡಿದು ನೀರು ಬಿಟ್ಟಳು. ಅರ್ಧ ನೀರು ನೆಲದ ಪಾಲಾಯಿತು. ಕೊಡ ತುಂಬಿತು, ದೊಡ್ಡವ್ವ ಅದನ್ನೆತ್ತಿಕೊಂಡು ಬದಿಗೆ ಸರಿದಳು. ಆಕೆ ಪೈಪು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿ, "ನಿಮ್ದೂ ಐತೇನ?" ಎಂದಳು.

ಹೌದು ಎಂದೆ. ನನ್ನ ಕೊಡವನ್ನೂ ಅದೇ ಜಾಗದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.